ಆಪರೇಷನ್‌ಗೆ ಕಾರ್ಡ್ ಇದೆ, ಮಾತ್ರೆಗೆ ಏನಿದೆ? ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಸಿಂಧನೂರು ತಾಲ್ಲೂಕಿನಲ್ಲಿ ಬಹುಕಾಲ ಸರ್ಕಾರಿ ಫಾರ್ಮಸಿ ಅಧಿಕಾರಿಯಾಗಿದ್ದು ನಿವೃತ್ತನಾದ ನಾನು, ವಯಸ್ಸಾದ ಗಂಡಸರು ಮನೆಯವರ ಮುಂದೆಯೂ ಬಾಯಿಬಿಡದ ಒಂದು ತೊಂದರೆಯನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿಯು 60 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೆಳೆದಿರುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ರಾತ್ರಿ ನಾಲ್ಕೈದು ಸಲ ಏಳುವುದು, ಧಾರೆ ಸಣ್ಣದಾಗುವುದು, ಹೋಗಿ ಬಂದರೂ ಇನ್ನೂ ಉಳಿದಂತೆ ಅನಿಸುವುದು ಇವೆಲ್ಲ ಮುಪ್ಪಿನ ಸಹಜ ಗುಣವೆಂದು ಸುಮ್ಮನಿದ್ದವರಲ್ಲಿ ಕೆಲವರಿಗೆ ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಬಿಡುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಇದಕ್ಕೆ ಮತ್ತೊಂದು ಕಷ್ಟ ಸೇರುತ್ತದೆ: ಪದೇ ಪದೇ ಏಳಬೇಕಾಗುತ್ತದೆಂದು ಹೆದರಿ ನೀರನ್ನೇ ಕಡಿಮೆ ಮಾಡುತ್ತಾರೆ, ಅದರಿಂದ ಕಲ್ಲು, ಉರಿಮೂತ್ರ, ಸೋಂಕು ಬೆನ್ನು ಹತ್ತುತ್ತವೆ.

ಇವರೆಲ್ಲರಿಗೂ ಆಪರೇಷನ್ ಬೇಕಿಲ್ಲ. ತೊಂದರೆ ಅಲ್ಪವಾಗಿದ್ದರೆ ಸಂಜೆಯ ನಂತರ ಚಹಾ, ನೀರು ಮಿತಗೊಳಿಸಿ ಹಗಲಿನಲ್ಲಿ ಸಾಕಷ್ಟು ಕುಡಿಯುವುದು, ವರ್ಷಕ್ಕೊಮ್ಮೆ ತಪಾಸಣೆಗೆ ಬರುವುದು ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ರಾತ್ರಿ ಊಟದ ನಂತರ 0.4 ಮಿಲಿಗ್ರಾಂ ಟ್ಯಾಮ್ಸುಲೋಸಿನ್ ಮಾತ್ರೆ ಕೆಲವೇ ದಿನಗಳಲ್ಲಿ ಧಾರೆಯನ್ನು ಸುಧಾರಿಸುತ್ತದೆ. ಗ್ರಂಥಿ ಬಹಳ ದೊಡ್ಡದಾಗಿದ್ದರೆ ಜೊತೆಗೆ ಕೊಡುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಅದನ್ನು ಕುಗ್ಗಿಸಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಟ್ಯಾಮ್ಸುಲೋಸಿನ್ ಶುರುಮಾಡಿದ ಮೊದಲ ದಿನಗಳಲ್ಲಿ ಹಾಸಿಗೆಯಿಂದ ಥಟ್ಟನೆ ಏಳಬಾರದು, ಕಣ್ಣಿನ ಪೊರೆಯ ಆಪರೇಷನ್‌ಗೆ ಹೋಗುವಾಗ ಈ ಮಾತ್ರೆಯ ವಿಷಯ ಕಣ್ಣಿನ ವೈದ್ಯರಿಗೆ ಹೇಳಬೇಕು, ನೆಗಡಿ ಮಾತ್ರೆಗಳಲ್ಲಿ ಕೆಲವು ಮೂತ್ರ ಕಟ್ಟಿಸುತ್ತವೆ ಎಂಬ ಮಾತುಗಳನ್ನು ಔಷಧ ಕೊಡುವವನೇ ಹೇಳಬೇಕು. ಕೌಂಟರಿನ ಮುಂದೆ ಸಾಲು ಬೆಳೆದಿರುವಾಗ ಹೇಳುವವರು ಕಡಿಮೆ.

ನನ್ನ ಮುಖ್ಯ ದೂರು ಇಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು, ಪ್ರಾಸ್ಟೇಟ್ ಆಪರೇಷನ್ ಕೂಡ ಅದರೊಳಗೆ ಬರುತ್ತದೆ. ಆದರೆ ಆ ಹಣ ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ. ಮನೆಯಲ್ಲಿದ್ದು ವರ್ಷಗಟ್ಟಲೆ ಮಾತ್ರೆ ನುಂಗಬೇಕಾದವನಿಗೆ, ಆಗಾಗ ಸ್ಕ್ಯಾನಿಂಗ್ ಮಾಡಿಸಬೇಕಾದವನಿಗೆ ಅಲ್ಲ. ಕೂಲಿಯವನು ಒಂದು ತಿಂಗಳು ಮಾತ್ರೆ ತಂದು, ತುಸು ಹಗುರಾದೊಡನೆ ಬಿಟ್ಟುಬಿಡುತ್ತಾನೆ. ಹೀಗೆ ಮಾತ್ರೆಯಲ್ಲಿ ಮುಗಿಯಬಹುದಾದ ಕಾಯಿಲೆ ಮೂತ್ರ ಹೊರತೆಗೆಯಲು ಮೂತ್ರಕೋಶದೊಳಗೆ ಹಾಕುವ ಪೈಪಿಗೂ (ಕ್ಯಾತಿಟರ್) ಆಪರೇಷನ್‌ಗೂ ಬರುತ್ತದೆ.

ಮತ್ತೆ ಮತ್ತೆ ಮೂತ್ರ ಕಟ್ಟುವವರಿಗೆ, ಮೂತ್ರಕೋಶದಲ್ಲಿ ಕಲ್ಲು ಆದವರಿಗೆ, ರಕ್ತ ಹೋಗುವುದು ನಿಲ್ಲದವರಿಗೆ, ಮೂತ್ರ ಹಿಂದೆ ಒತ್ತಿ ಕಿಡ್ನಿ ಕೆಡುತ್ತಿರುವವರಿಗೆ ಆಪರೇಷನ್ ತಡಮಾಡುವುದು ಅಪಾಯ. ಹೊಟ್ಟೆ ಕೊಯ್ಯುತ್ತಾರೆ, ಗಂಡಸುತನ ಹೋಗುತ್ತದೆ ಎಂಬ ಭಯದಿಂದ ಹಳ್ಳಿಗರು ಹಿಂಜರಿಯುತ್ತಾರೆ. ಟಿಯುಆರ್‌ಪಿ ವಿಧಾನದಲ್ಲಿ ಸೊಂಟದ ಕೆಳಗೆ ಮರಗಟ್ಟಿಸಿ, ಮೂತ್ರನಾಳದ ಮೂಲಕವೇ ಉಪಕರಣ ಹಾಯಿಸಿ, ಅಡ್ಡವಾಗಿರುವ ಭಾಗವನ್ನು ಕೆತ್ತಿ ತೆಗೆಯುತ್ತಾರೆ; ಹೊರಗೆ ಗಾಯವಿರುವುದಿಲ್ಲ. ಲೇಸರ್‌ನಲ್ಲಿ ರಕ್ತಸ್ರಾವ ಇನ್ನೂ ಕಡಿಮೆ. ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹೋಗುವುದು ಸಾಮಾನ್ಯ, ಆದರೆ ಬಹುಪಾಲು ಜನರಲ್ಲಿ ದಾಂಪತ್ಯಕ್ಕೆ ಅಡ್ಡಿಯಾಗುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಮೂತ್ರಕೋಶದ ನರಗಳೇ ಸೋತವರಿಗೆ ಮಾತ್ರ ಗ್ರಂಥಿ ಕೆತ್ತಿದರೂ ಹೆಚ್ಚಿನ ಫಲ ಸಿಗದಿರಬಹುದು, ಅದನ್ನು ಮೊದಲೇ ಪರೀಕ್ಷಿಸಿ ತಿಳಿಯಬಲ್ಲವರು ಮೂತ್ರರೋಗ ತಜ್ಞರು.

ಆ ತಜ್ಞರನ್ನು ಕಾಣಲು ರಾಯಚೂರಿಗೋ ಬಳ್ಳಾರಿಗೋ ಬಸ್ ಹತ್ತುವವರನ್ನು ತಾವು ಒಮ್ಮೆ ನೋಡಬೇಕು. ಧೋತರದೊಳಗೆ ಪೈಪು, ಕೈಯಲ್ಲಿ ಬಟ್ಟೆ ಅಂಗಡಿಯ ಕೈಚೀಲ, ಅದರೊಳಗೆ ಮೂತ್ರದ ಚೀಲ. ನಾಚಿಕೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಹಿಮ್ಮುಖವಾಗಿ ಹರಿದು ಸೋಂಕು ತರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕೆಲವೇ ವಾರಗಳಿಗೆ ಬದಲಿಸಬೇಕಾದ ರಬ್ಬರ್ ಪೈಪನ್ನು ತಿಂಗಳುಗಟ್ಟಲೆ ಇಟ್ಟುಕೊಂಡವರನ್ನೂ ನಾನು ಕಂಡಿದ್ದೇನೆ.

ಆದ್ದರಿಂದ ಟ್ಯಾಮ್ಸುಲೋಸಿನ್ ಮತ್ತು ಫಿನಾಸ್ಟರೈಡ್ ಬಿಪಿ, ಶುಗರ್ ಮಾತ್ರೆಗಳಂತೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ಉಚಿತವಾಗಿ ಸಿಗಬೇಕೆಂದು ಕೋರುತ್ತೇನೆ. ಪ್ರಾಸ್ಟೇಟ್ ತೊಂದರೆ ಅಳೆಯಲು ಏಳು ಪ್ರಶ್ನೆಗಳ, 35 ಅಂಕಗಳ ಒಂದು ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕನ್ನಡದಲ್ಲಿ ಮುದ್ರಿಸಿ ಕೊಟ್ಟರೆ ಅದನ್ನು ಕೇಳಲು ಯಂತ್ರ ಬೇಡ. ಆಶಾ ಕಾರ್ಯಕರ್ತೆಯರ ಮುಂದೆ ಗಂಡಸರು ಮುಜುಗರಪಡುವುದರಿಂದ ಪುರುಷ ಆರೋಗ್ಯ ಸಹಾಯಕರಿಗೆ ಒಪ್ಪಿಸುವುದು ಒಳ್ಳೆಯದು. 20ಕ್ಕೂ ಹೆಚ್ಚು ಅಂಕ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಮಾಡಿದ ನಂತರ ಒಳಗೆ ಉಳಿದದ್ದನ್ನು ಅಳೆಯುವ ಸ್ಕ್ಯಾನಿಂಗ್ ಹಾಗೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಅದೇ ದಿನ ಆಗಬೇಕು. ರಾಯಚೂರಿನ ರಿಮ್ಸ್ ಅಥವಾ ಒಪೆಕ್ ಆಸ್ಪತ್ರೆಯ ಕಡೆಯಿಂದ ಮೂತ್ರರೋಗ ತಜ್ಞರೊಬ್ಬರು ಸಿಂಧನೂರು, ಲಿಂಗಸುಗೂರು, ದೇವದುರ್ಗ, ಮಾನ್ವಿಗಳಿಗೆ ಗೊತ್ತಾದ ದಿನ ಬರುವ ವ್ಯವಸ್ಥೆಯಾದರೆ ಯಾರಿಗೆ ಮಾತ್ರೆ, ಯಾರಿಗೆ ಆಪರೇಷನ್ ಎಂಬುದು ಊರ ಸಮೀಪವೇ ತೀರ್ಮಾನವಾಗುತ್ತದೆ. ಕೆಮ್ಮಿದರೆ ಮೂತ್ರ ಜಾರುವ ಹೆಂಗಸರಿಗೂ ಆ ದಿನವೇ ತಳಭಾಗದ ಸ್ನಾಯುಗಳ ವ್ಯಾಯಾಮ ಕಲಿಸಬಹುದು. ಇದರ ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನು ತಾವು ಪರಿಶೀಲಿಸಬಹುದು.

ಜಿಲ್ಲೆಯ ಅಭಿವೃದ್ಧಿ ಕಾರ್ಯಕ್ರಮಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಪ್ರತಿ ತಾಲ್ಲೂಕಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಪೈಪ್ ಹಾಕಿಕೊಂಡಿರುವವರು ಎಷ್ಟು ಮಂದಿ, ಅವರ ಪೈಪನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿ, ಆ ಪಟ್ಟಿಯನ್ನು ತರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಸಿ ಅಧಿಕಾರಿ,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ