ಖಾಲಿ ಚೀಲದ ನಡಿಗೆಗೆ ಜೊತೆಯಾದವರಿಗೆ

ಮೊನ್ನೆ ಆಟಿ ತಿಂಗಳ ಮಳೆಯಲ್ಲಿ ನಮ್ಮ ಹೆಂಗಸರ ತಂಡದ ತಾಳಮದ್ದಳೆ ಆಯಿತು, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ. ನಾನು ವಾಲಿಯ ಹೆಂಡತಿ ತಾರೆಯ ಅರ್ಥ, ಅಂದರೆ ಅವಳ ಪಾಲಿನ ಮಾತು ಹೇಳಿದೆ. ಹೋದ ವರ್ಷದ ಆಟಿಯಲ್ಲಿ ಇದೇ ತಾರೆ ನನ್ನ ಮಾನ ತೆಗೆದಿದ್ದಳು. ನಡುವಿನ ಈ ಒಂದು ವರ್ಷ ನನ್ನನ್ನು ಎಬ್ಬಿಸಿ ನಡೆಸಿದವರಿಗೆ ಥ್ಯಾಂಕ್ಸ್ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೀಗ 67. ಬದಿಯಡ್ಕದ ಹತ್ತಿರ ಕನ್ನಡ ಮಕ್ಕಳಿಗೆ ಪಾಠ ಹೇಳಿ 56ಕ್ಕೆ ಪೆನ್ಷನ್ ಆದವಳು. ಶಾಲೆ ಇದ್ದಾಗ ಬಸ್ಸಿಗೆ ಓಡುವುದು, ಗುಡ್ಡೆ ಹತ್ತುವುದು ಎಲ್ಲ ತನ್ನಷ್ಟಕ್ಕೇ ಆಗುತ್ತಿತ್ತು. ಅದನ್ನು ಯಾರೂ ವ್ಯಾಯಾಮ ಅಂತ ಕರೆಯುತ್ತಿರಲಿಲ್ಲ. ಆಮೇಲೆ ಜಗಲಿಯ ಕುರ್ಚಿ ಅಭ್ಯಾಸ ಆಯಿತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಂಗಳದ ಹಾವಸೆಗೆ ಕಾಲು ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ನಾನು ಮಾತ್ರ ಏಳಲಿಲ್ಲ. "ವಯಸ್ಸಾಯ್ತಲ್ಲ ಟೀಚರ್, ರೆಸ್ಟ್ ತಗೊಳ್ಳಿ" ಎಂದು ಒಬ್ಬರು ಡಾಕ್ಟರು ಹೇಳಿದ್ದರು. ಅದನ್ನೇ ವೇದವಾಕ್ಯ ಮಾಡಿಕೊಂಡೆ. ಮುರಿದದ್ದು ಕೈ, ನಾನು ಮಲಗಿಸಿದ್ದು ಕಾಲನ್ನು! ಕೆಲವೇ ತಿಂಗಳಲ್ಲಿ ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಾಯಿತು. ಮೂರು ತಿಂಗಳ ಸರಾಸರಿ ಶುಗರ್ (HbA1c) ಶೇ. 8.9ಕ್ಕೆ ಏರಿತು. ಹೆಸರುಗಳು ಮರೆಯತೊಡಗಿದವು.

ಆಗ ಬಂತು ಆ ತಾಳಮದ್ದಳೆ. ತಾರೆಗೆ ವಾಲಿಯನ್ನು ತಡೆಯುವ ಕೆಲಸ. "ಪೆಟ್ಟು ತಿಂದು ಓಡಿದ ಸುಗ್ರೀವ ಮತ್ತೆ ಬಂದು ಯುದ್ಧಕ್ಕೆ ಕರೆಯುತ್ತಿದ್ದಾನೆ ಎಂದರೆ ಅವನ ಬೆನ್ನಿಗೆ ಯಾರೋ ನಿಂತಿದ್ದಾರೆ" ಎನ್ನಬೇಕು. ಅಲ್ಲಿಯವರೆಗೆ ಸರಿಯಾಗಿ ಬಂದೆ. ಯಾರು ಎನ್ನುವುದು ನಾಲಗೆಗೆ ಬರಲಿಲ್ಲ. ರಾಮನ ಹೆಸರು! ದಿನಾ ದೀಪ ಹಚ್ಚುವಾಗ ಹೇಳುವ ಹೆಸರು! ಎದುರಿಗೆ ವಾಲಿಯಾಗಿ ಕೂತಿದ್ದ ಗೆಳತಿ ನನ್ನ ಮುಖ ನೋಡಿದಳು. ಒಂದು ಕ್ಷಣವೂ ಬಿಡದೆ, "ಓಹೋ, ಹೆಸರೆತ್ತಲಿಕ್ಕೂ ಹೆದರುತ್ತೀಯಾ? ಅಯೋಧ್ಯೆ ಬಿಟ್ಟು ಕಾಡಿಗೆ ಬಂದ ಆ ರಾಮನಲ್ಲವೇ?" ಎಂದು ಗುಡುಗಿದಳು. ಸಭೆ ಚಪ್ಪಾಳೆ ತಟ್ಟಿತು. ಅವರಿಗೆ ಅದು ವಾಲಿಯ ಗತ್ತು. ನನಗೆ ಮಾತ್ರ ಗೊತ್ತು, ಅದು ಕೈ ಹಿಡಿದು ದಡ ಸೇರಿಸಿದ ಹಾಗೆ ಅಂತ. ಆಮೇಲೂ ಅವಳು ಆ ಸುದ್ದಿ ಎಲ್ಲಿಯೂ ಎತ್ತಲಿಲ್ಲ. ಮಾರಾಯ್ತಿ, ನಿನ್ನ ಋಣ ದೊಡ್ಡದು.

ಮೊಣಕಾಲು ನೋವಿಗೆಂದು ಹೋದಾಗ ಸಿಕ್ಕಿದವಳು ಫಿಸಿಯೋಥೆರಪಿ ಹುಡುಗಿ. ಕಾಲಿನ ಕಥೆ ಹೇಳುತ್ತಾ ಹೇಳುತ್ತಾ ಮರೆವಿನ ಕಥೆಯೂ ಬಾಯಿಂದ ಬಿತ್ತು, ಅಳುವೂ ಬಂತು. ಅವಳು ಸುಮ್ನೆ ಸಮಾಧಾನ ಹೇಳಿ ಕಳಿಸಲಿಲ್ಲ. ಮೊದಲು ಬೇರೆ ಡಾಕ್ಟರಿಗೆ ತೋರಿಸಿ ಬಿ12, ಥೈರಾಯ್ಡ್ ನೋಡಿಸಲು ಹೇಳಿದಳು. ಎರಡೂ ಸರಿ ಇದ್ದವು. ಶುಗರ್ ಮಾತ್ರ ಹದ ತಪ್ಪಿತ್ತು. ಡಾಕ್ಟರು ಮಾತ್ರೆ ಬದಲಿಸಿದರು. ಇವಳು ನಡೆಯಲು ಹಚ್ಚಿದಳು.

ಟೀಚರಿಗೇ ಪಾಠ ಮಾಡಿದ ಹುಡುಗಿ ಅವಳು. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ ಬರಲಿ ಅಂತ ಕಾಯುವುದಿಲ್ಲವಂತೆ, ರಕ್ತದ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವಂತೆ. ಅದಕ್ಕೇ ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ಲಾಭ. ಮೆದುಳಿನ ಸುದ್ದಿ ಕೇಳಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. 2011ರಲ್ಲಿ ಅಮೆರಿಕದವರು ಒಂದು ಅಧ್ಯಯನ ಪ್ರಕಟಿಸಿದ್ದರು. 120 ಮಂದಿ ವಯಸ್ಸಾದವರು. ಅರ್ಧ ಜನ ವಾರಕ್ಕೆ 3 ದಿನ 40 ನಿಮಿಷ ಚುರುಕಾಗಿ ನಡೆದರು, ಉಳಿದವರು ಮೈಕೈ ಚಾಚುವ ಹಗುರ ವ್ಯಾಯಾಮ ಮಾಡಿದರು. ವರ್ಷ ಕಳೆದಾಗ ನಡೆದವರ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಸುಮಾರು ಶೇ. 2ರಷ್ಟು ಬೆಳೆದಿತ್ತು. ಇನ್ನೊಂದು ಗುಂಪಿನವರಲ್ಲಿ ಸ್ವಲ್ಪ ಕುಗ್ಗಿತ್ತು. ಹೊಸ ನೆನಪುಗಳನ್ನು ಕಟ್ಟಿಡುವ ಜಾಗ ಅದು. "ಎಲ್ಲ ಅಧ್ಯಯನದಲ್ಲೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಟೀಚರೇ, ಆದರೆ ನಡೆದು ನಷ್ಟ ಆದವರಿಲ್ಲ" ಎಂದಳು. ಆ ಪ್ರಾಮಾಣಿಕತೆಗೇ ಅವಳ ಮಾತು ಕೇಳಿದ್ದು ನಾನು.

ಕೇಳಿದೆನೇನೋ ಸರಿ, ಆದರೆ ನಮ್ಮೂರಲ್ಲಿ ಹೆಂಗಸೊಬ್ಬಳು ಸುಮ್ಮನೆ ರಸ್ತೆಯಲ್ಲಿ ನಡೆಯುವುದು ಸುಲಭ ಅಲ್ಲ. "ಎಲ್ಲಿಗೆ ಟೀಚರ್?" ಎಂದು ಹತ್ತು ಜನ ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ತಲೆ ಕೆಟ್ಟಿದೆ ಅಂದುಕೊಂಡಾರು. ಹಾಗಾಗಿ ಬಟ್ಟೆಯ ಚೀಲವೊಂದನ್ನು ಹಿಡಿದುಕೊಂಡೆ. ಚೀಲ ಇದ್ದರೆ ಅಂಗಡಿಗೆ ಅಂತ ಲೆಕ್ಕ, ಅಲ್ವಾ? ಮೊದಲ ವಾರ ಹಾಲಿನ ಸೊಸೈಟಿವರೆಗೆ, ಹತ್ತು ನಿಮಿಷ. ದಿನಾ ಖಾಲಿ ಚೀಲ ಹಿಡಿದು ಬಂದು ಖಾಲಿ ಚೀಲ ಹಿಡಿದು ಹೋಗುವವಳನ್ನು ನೋಡಿಯೂ ಒಂದು ಮಾತು ಕೇಳದ, ಬೆಂಚಿನ ತುದಿ ಒರೆಸಿಕೊಟ್ಟ ಸೊಸೈಟಿಯವರಿಗೆ ನಮಸ್ಕಾರ. ಜಂಕ್ಷನ್ನಿನ ರಿಕ್ಷಾ ಹುಡುಗರಿಗೂ. ಅವರಲ್ಲಿ ಇಬ್ಬರು ನನ್ನ ಶಿಷ್ಯರು. ವಿಷಯ ತಿಳಿದ ಮೇಲೆ ನಾನು ಸುಸ್ತಾಗಿ ಕೈ ಅಡ್ಡ ಹಿಡಿದರೂ "ನಿಮಗೆ ರಿಕ್ಷಾ ಇಲ್ಲ ಟೀಚರೇ" ಎಂದು ನಗುತ್ತಾ ಹೋದರು. ಒಮ್ಮೆ ನಿಜವಾಗಿಯೂ ಸಿಟ್ಟು ಬಂದಿತ್ತು. ಕಿವಿ ಹಿಂಡುವ ವಯಸ್ಸು ದಾಟಿದ್ದಾರೆ, ಏನು ಮಾಡುವುದು!

ಮೂರನೇ ತಿಂಗಳಿಗೆ ಚೀಲಕ್ಕೂ ಕೆಲಸ ಬಂತು. ನಡಿಗೆ ಮಾತ್ರ ಸಾಲದು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳಬೇಕು ಅಂದಳು ಹುಡುಗಿ. ಜಿಮ್ ಎಲ್ಲಿಂದ ತರಲಿ? ಎರಡು ಚೀಲಕ್ಕೆ ಎರಡೆರಡು ಸುಲಿದ ತೆಂಗಿನಕಾಯಿ ಹಾಕಿ ಅಂಗಳದ ಉದ್ದಕ್ಕೆ ನಡೆದೆ. ಅದಕ್ಕೂ ಮೊದಲು ಯಜಮಾನರು ಹಾವಸೆ ಕೆರೆದು ತೆಗೆದು, ನಾನು ಕಾಲಿಡುವ ಕಡೆಯೆಲ್ಲ ಅಡಿಕೆ ಸೋಗೆ ಹಾಸಿಟ್ಟಿದ್ದರು, ಒಂದು ಮಾತೂ ಆಡದೆ. ಅನ್ನ ಬೇಯುವಷ್ಟು ಹೊತ್ತು ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ನನ್ನ ಇನ್ನೊಂದು ಪಾಠ. 65 ದಾಟಿದವರು ಬೀಳದಿರಲು ಇಂಥ ಸಮತೋಲನದ ಅಭ್ಯಾಸವನ್ನು ವಾರಕ್ಕೆ 3 ದಿನ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಂತೆ. ಕುಕ್ಕರಿನ ಸೀಟಿ ಲೆಕ್ಕ ತಪ್ಪಿ ಒಂದೆರಡು ಸಲ ಅನ್ನ ಗಂಜಿಯಾಯಿತು.

ಬೆಂಗಳೂರಿನಿಂದ ಮಗ ಒಂದು ವಾಚ್ ಕಳಿಸಿದ. ದಿನಕ್ಕೆ 10,000 ಹೆಜ್ಜೆ ಆಗದಿದ್ದರೆ ಅದು ನನ್ನನ್ನು ಬೈಯುತ್ತಿತ್ತು. ಆ ಸಂಖ್ಯೆ ಜನಪ್ರಿಯ ಆದದ್ದು 1960ರ ದಶಕದ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಯಂತ್ರ ಮಾರಲಿಕ್ಕೆ ಅಂತ ಆಮೇಲೆ ಗೊತ್ತಾಯಿತು. 2019ರಲ್ಲಿ ಸುಮಾರು 17,000 ವಯಸ್ಸಾದ ಹೆಂಗಸರನ್ನು ನೋಡಿದ ಅಧ್ಯಯನದಲ್ಲಿ 4,400 ಹೆಜ್ಜೆ ನಡೆಯುವವರಿಗೇ ಸಾವಿನ ಅಪಾಯ ಸಾಕಷ್ಟು ಕಡಿಮೆ ಇತ್ತು, 7,500ರ ನಂತರ ಹೆಚ್ಚೇನೂ ಬದಲಾಗಲಿಲ್ಲ. ವಾಚು ಈಗ ಮೇಜಿನ ಡ್ರಾಯರಿನಲ್ಲಿದೆ. ಮಗನೇ, ಬೇಸರ ಮಾಡಬೇಡ. ಪ್ರೀತಿ ಮುಟ್ಟಿದೆ.

ಎಲ್ಲರಿಗಿಂತ ಜಾಸ್ತಿ ಋಣ ಆಚೆಮನೆ ಅಕ್ಕನದು. ಅವರ ಮನೆಮಾತು ಮಲಯಾಳ, ನನ್ನದು ಕನ್ನಡ, ದಾರಿಯಲ್ಲಿ ಇಬ್ಬರದ್ದೂ ತುಳು. ಬೆಳಿಗ್ಗೆ ಆರೂಕಾಲಕ್ಕೆ ಗೇಟಿನ ಹತ್ತಿರ ಕೆಮ್ಮಿದರೆಂದರೆ ನಾನು ಹೊರಡಲೇಬೇಕು. ಮಳೆ ಬಂದರೆ ಅವರದೇ ಕೊಡೆ. ನಡೆಯುತ್ತಾ ತಾರೆಯ ಮಾತನ್ನು ಅವರಿಗೇ ಹೇಳುತ್ತಿದ್ದೆ. ಯಕ್ಷಗಾನ ಒಂದೂ ನೋಡದವರು ನನ್ನ ವಾಲಿಯಾದರು. ಒಂದು ದಿನ ನಿಂತು, "ಇಷ್ಟು ಹೇಳಿದರೂ ಆ ಮನುಷ್ಯ ಕೇಳುದಿಲ್ವಾ?" ಎಂದು ಬೇಸರಪಟ್ಟರು.

ನಡಿಗೆ ಒಂದರಿಂದಲೇ ಮಾತು ಮರಳಿತು ಎಂದರೆ ಅದು ತಾಳಮದ್ದಳೆಯ ಅರ್ಥದ ಹಾಗೆ ಬೆಳೆಸಿ ಹೇಳಿದ ಮಾತಾದೀತು. ಮಾತ್ರೆ ಬದಲಾಗಿತ್ತು, ನಿದ್ದೆ ಬರತೊಡಗಿತ್ತು, ಮಾತಾಡಲು ಜನ ಸಿಕ್ಕಿದ್ದರು. ಶುಗರ್ ಈಗ 6.8. ಯಾವುದರಿಂದ ಎಷ್ಟು ಅಂತ ಗೆರೆ ಎಳೆಯಲು ನನಗೆ ಬರುವುದಿಲ್ಲ. ಆದರೆ ಉಳಿದದ್ದೆಲ್ಲ ಶುರುವಾದದ್ದು ಆ ಚೀಲ ಹಿಡಿದು ಗೇಟು ದಾಟಿದ ಮೇಲೆ.

ಇನ್ನು ಪದ ಹಾಡಿ ತಾಳಮದ್ದಳೆ ನಡೆಸುವ ಭಾಗವತರು. ಹೋದ ವರ್ಷ ಅಷ್ಟಾದರೂ ನನ್ನ ಪಾತ್ರವನ್ನು ಬೇರೆಯವರಿಗೆ ಕೊಡಲಿಲ್ಲ. ಮೊನ್ನೆ ವಾಲಿ ಮೀಸೆಯಡಿಯಲ್ಲೇ ನಗುವ ಹಾಗೆ ನಕ್ಕು, "ಯಾರ ಬಲ?" ಎಂದು ಬೇಕೆಂದೇ ಕೇಳಿದಳು. ನಾನು ದಶರಥನಿಂದ ಶುರುಮಾಡಿದೆ. ವಿಶ್ವಾಮಿತ್ರ, ತಾಟಕಿ, ಶಿವಧನುಸ್ಸು ಎಲ್ಲ ಮುಗಿಸಿ ಪಂಚವಟಿಗೆ ಬರುವಷ್ಟರಲ್ಲಿ ಭಾಗವತರು ತಾಳ ಬಡಿದು ಮುಂದಿನ ಪದ ಎತ್ತಿಯೇ ಬಿಟ್ಟರು. ಕ್ಷಮಿಸಿ ಭಾಗವತರೇ, ನಿಲ್ಲಿಸಿದ್ದಕ್ಕೂ ಥ್ಯಾಂಕ್ಸ್.