ಸೇಂಟ್ ಕ್ರಾಯ್‌ನ ಆಂಟಿಗೆ

ಕೊನೆಗೂ ಪುರಾತತ್ವದ ಸಂಶೋಧನಾ ಪ್ರಬಂಧ ಒಪ್ಪಿಸಿದೆ. ಎಷ್ಟು ಪರದಾಡಿದೆ ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಗೈಡ್‌ಗೆ, ಕೈಸಾಲ ಕೊಟ್ಟ ಗೆಳೆಯರಿಗೆ, ಅರ್ಧರಾತ್ರಿಯಲ್ಲೂ ಫೋನೆತ್ತಿದ ಅಣ್ಣನಿಗೆ, ಅಗೆದ ಮಣ್ಣಿಗೆ ಜೊತೆಯಲ್ಲಿ ಜರಡಿ ಹಿಡಿದವರಿಗೆ ತುಂಬಾ ಥ್ಯಾಂಕ್ಸ್.

ಇನ್ನು ಆಂಟಿಯ ವಿಷಯ.

ಸೇಂಟ್ ಕ್ರಾಯ್ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ. 1733ರಲ್ಲಿ ಡೆನ್ಮಾರ್ಕ್ ಅದನ್ನು ಫ್ರಾನ್ಸಿನಿಂದ ಕೊಂಡಿತು. ಆಫ್ರಿಕಾದಿಂದ ಜನರನ್ನು ಹೊತ್ತು ತಂದು ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಸಿದರು. ನಾವು ಅಗೆದ ಲಿಟ್ಲ್ ಪ್ರಿನ್ಸೆಸ್ ಅಂಥದೇ ಒಂದು ತೋಟ. ನಾವು ಹುಡುಕಿದ್ದು ಧಣಿಗಳ ವೈಭವವನ್ನಲ್ಲ, ಆ ಗುಲಾಮರು ಬದುಕಿದ್ದ ಗುಡಿಸಲುಗಳನ್ನು. ಅಗೆಯಲು ಊರಿನ ಮಕ್ಕಳೂ ಬರುತ್ತಿದ್ದರು. ಅಲ್ಲಿಯವರೇ ಆದ ಆಂಟಿ ದಿನಾ ಬಂದು ಸಿಕ್ಕ ಚೂರುಗಳನ್ನು ತೊಳೆಯುತ್ತಿದ್ದರು. ಒಮ್ಮೆ ಕೈಯಲ್ಲೇ ತಟ್ಟಿ ಮಾಡಿದ ಗಡಿಗೆಯ ಚೂರು ಬಂತು, ಹೊರಗೆಲ್ಲ ಮಸಿ. ಬ್ರಷ್ ಪಕ್ಕಕ್ಕಿಟ್ಟು, "ಇದನ್ನು ಉಜ್ಜೋದು ಬೇಡ ಮಗಾ, ಯಾರೋ ಮಕ್ಕಳಿಗೆ ಅಡುಗೆ ಮಾಡಿದ್ದಾರೆ" ಅಂದರು.

ಜ್ವರ ಏರಿದ ಆ ರಾತ್ರಿ ನನ್ನ ಹತ್ತಿರ ಉಳಿದವರು ಅವರೊಬ್ಬರೇ. ಮಜ್ಜಿಗೆಹುಲ್ಲಿನ ಕಷಾಯ ಕಾಯಿಸಿ ಗುಟುಕು ಗುಟುಕಾಗಿ ಕುಡಿಸಿದರು. ಇಲ್ಲೇ ಸತ್ತುಹೋಗ್ತೀನಿ ಅನ್ನಿಸಿತ್ತು, ಹೇಳಿಯೂಬಿಟ್ಟೆ. ಅಮ್ಮ ತೀರಿಕೊಂಡ ಮೇಲೆ ಯಾರೂ ಹಾಗೆ ನನ್ನ ಹಣೆ ಮುಟ್ಟಿ ನೋಡಿರಲಿಲ್ಲ. ಜೋರಾಗಿ ಅತ್ತೆ.

ಅವರು ಬೆಳಗಾಗುವ ತನಕ ಮಾತಾಡುತ್ತಲೇ ಇದ್ದರು. 1848ರ ಜುಲೈ 3ರಂದು ದ್ವೀಪದ ಫ್ರೆಡರಿಕ್‌ಸ್ಟೆಡ್ ಪಟ್ಟಣದ ಕೋಟೆಯ ಮುಂದೆ ಸಾವಿರಾರು ಗುಲಾಮರು ಸೇರಿ ಬಿಡುಗಡೆ ಪಡೆದ ಕತೆ. ಆಮೇಲೂ ವರ್ಷದ ಕರಾರಿಗೆ ಕಟ್ಟಿಹಾಕಿದ್ದಕ್ಕೆ 1878ರಲ್ಲಿ ಕೂಲಿಗಳು ತೋಟಗಳಿಗೆ ಬೆಂಕಿ ಇಟ್ಟ ಕತೆ, ಮುಂದಾಳು ಕ್ವೀನ್ ಮೇರಿಯ ಕತೆ. "ಯಾರೂ ದಾನ ಕೊಟ್ಟಿದ್ದಲ್ಲ, ನಮ್ಮವರೇ ಪಡೆದಿದ್ದು" ಅಂತ ಮತ್ತೆ ಮತ್ತೆ ಹೇಳಿದರು. ಡೆನ್ಮಾರ್ಕಿನ ಹಳೇ ದಾಖಲೆಯಲ್ಲಿ ತಮ್ಮ ಮುತ್ತಜ್ಜಿಯ ತಾಯಿ ಸಿಕ್ಕಿದ್ದನ್ನೂ ಹೇಳಿದರು. ಅಲ್ಲಿದ್ದದ್ದು ಒಂದು ಹೆಸರು, ವಯಸ್ಸು, ಮಾಡುತ್ತಿದ್ದ ಕೆಲಸ, ಅಷ್ಟೇ. ಅಂಥ ನೆಲವನ್ನು ಪರಊರಿನವಳಾದ ನಾನು ಅಗೆಯುತ್ತಿದ್ದೆ. ಅವರು ನನ್ನ ಪಕ್ಕ ಕೂತು ಕಾಯುತ್ತಿದ್ದರು. ಆ ರಾತ್ರಿಯ ನಂತರ ಪ್ರಬಂಧದ ಒಂದು ಸಾಲನ್ನೂ ಅವರನ್ನು ನೆನೆಯದೆ ಬರೆದಿಲ್ಲ.

ಗುಣವಾದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ: ಹೈಸ್ಕೂಲ್ ಮಕ್ಕಳು ಓದುವ ಹಾಗೆ ಇದನ್ನು ಬರೆದುಕೊಡು ಅಂತ. ಬರೆದಿದ್ದೇನೆ, ಆಂಟಿ. ಈ ವಾರ ಪ್ರಬಂಧದ ಜೊತೆಗೆ ಅಂಚೆಗೆ ಹಾಕುತ್ತೇನೆ. ನಿಮಗೆ ಕೈಮುಗಿಯುತ್ತೇನೆ.