ಆ ಕಡತವನ್ನು ಮತಕ್ಕೆ ಹಾಕಿಸಿ: ಷಿಕಾಗೊದ ನಮ್ಮ ವಾರ್ಡ್ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದಾಗಲೆಲ್ಲ ಅದೇ ಸಿದ್ಧ ಉತ್ತರ ಬಂತು: ಜನಾಭಿಪ್ರಾಯ ಪಡೆಯುತ್ತಿದ್ದೇವೆ. ಹಾಗಾಗಿ ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಈ ವಾರ್ಡಿನಲ್ಲಿ ಓಟು ಹಾಕುವ ನಮ್ಮವರಾದರೂ ಓದಲಿ. ರೈಲು ನಿಲ್ದಾಣದ ಪಕ್ಕದ ಖಾಲಿ ಜಾಗದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟುವ ಕಡತವನ್ನು ಮತಕ್ಕೆ ಹಾಕಿಸಿ. ಕೇಳುವುದು ಇಷ್ಟೇ.

ಲಕ್ವ ಹೊಡೆದು ಮಲಗಿರುವ ನಮ್ಮಮ್ಮನನ್ನು ನೋಡಿಕೊಳ್ಳುವ ಹೆಣ್ಣುಮಗಳು ಊರಿನ ದಕ್ಷಿಣ ತುದಿಯ ರೋಸ್‌ಲ್ಯಾಂಡಿನವರು, ಕಪ್ಪು ಜನಾಂಗದವರು. ಕತ್ತಲಿರುವಾಗಲೇ ಎದ್ದು ಬಸ್ಸಿನಲ್ಲಿ 95ನೇ ಬೀದಿಗೆ ಬಂದು ರೈಲು ಹತ್ತಬೇಕು. ರೆಡ್ ಲೈನ್ ಎಂಬ ಆ ರೈಲುಮಾರ್ಗ 1969ರಿಂದ ಅಲ್ಲಿಗೇ ನಿಂತಿದೆ. 130ನೇ ಬೀದಿವರೆಗೆ ಬರುತ್ತದೆಂದು ಕಾಯುತ್ತ ಒಂದು ತಲೆಮಾರಿಗೇ ವಯಸ್ಸಾಯಿತು. ಜನವರಿಯಲ್ಲಿ ಒಳಗೆ ಬಂದವರೇ ಮೊದಲು ಬಿಸಿನೀರಿನ ನಲ್ಲಿಗೆ ಕೈಯೊಡ್ಡುತ್ತಾರೆ, ಅಮ್ಮನನ್ನು ಮುಟ್ಟುವುದು ಆಮೇಲೆ. ಅನ್ನಸಾರು ಕಿವುಚಿ ತಿನ್ನಿಸಲೂ ಕಲಿತಿದ್ದಾರೆ. ನಿಲ್ದಾಣದ ಪಕ್ಕ ಮನೆ ಬಂದರೆ ಅರ್ಜಿ ಹಾಕಲು ಕಾದು ಕೂತವರು ಇವರು.

ಕಳೆದ ಚಳಿಗಾಲದಲ್ಲಿ ನಮ್ಮ ಕಟ್ಟಡದ ಬಾಗಿಲಲ್ಲಿ ಒಬ್ಬ ಹಿರಿಯರು ಇವರನ್ನು ತಡೆದರು. ಯಾರ ಮನೆಗೆ, ಯಾಕೆ, ಕೀಲಿ ಎಲ್ಲಿ ಸಿಕ್ಕಿತು? ಉತ್ತರ ಕೊಟ್ಟದ್ದು ಸಾಲದೆಂದು ಪೊಲೀಸರಿಗೆ ಫೋನ್ ಮಾಡಿದರು. ನಾನು ಕೆಳಗೆ ಹೋದಾಗ ಇವರು ಎರಡೂ ಕೈ ಕಾಣುವಂತೆ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಅಧಿಕಾರಿ ಕೇಳಿದ್ದು ನನ್ನನ್ನು: "ಇವರು ನಿಮಗೆ ಗೊತ್ತೇ?" ಮೇಲೆ ಅಮ್ಮ ಒದ್ದೆ ಹಾಸಿಗೆಯಲ್ಲಿ. ಆ ಹಿರಿಯರು ನನಗೆ ದಿನವೂ ನಕ್ಕು ಬಾಗಿಲು ಹಿಡಿಯುತ್ತಾರೆ. ನನ್ನದೂ ಕಂದು ಚರ್ಮವೇ. ಪರವಾಗಿಲ್ಲದ ಕಂದು ಅನಿಸುತ್ತದೆ. ಕ್ಷಮೆ? ಯಾರೂ ಕೇಳಲಿಲ್ಲ.

ಅದೇ ಹಿರಿಯರು ಈ ಮನೆಗಳ ಬಗ್ಗೆ ನೀವು ಕರೆದ ಸಭೆಯಲ್ಲಿ ಮುಂದಿನ ಸಾಲಿನಲ್ಲಿದ್ದರು. ಟ್ರಾಫಿಕ್, ಪಾರ್ಕಿಂಗ್, ಕಟ್ಟಡದ ನೆರಳು... ಬಣ್ಣದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ, ಎಷ್ಟು ಸಭ್ಯರು! ಕಾರಿದ್ದರೆ ನಮ್ಮಮ್ಮನನ್ನು ನೋಡಿಕೊಳ್ಳುವವರು ಹಿಮದಲ್ಲಿ ಬಸ್ಸಿಗೆ ಕಾಯುತ್ತಿದ್ದರೇ, ಸ್ವಾಮಿ? ಆಕ್ಷೇಪದ ಪಟ್ಟಿಯಲ್ಲಿ ಕನ್ನಡದ ಹೆಸರುಗಳೂ ಇದ್ದವು. ಬೆಂಗಳೂರಿನಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಎಂದರೆ ಏನೆಂದು ಬಲ್ಲ ನಮಗೆ ನಿಮ್ಮ ಪಾರ್ಕಿಂಗ್ ಭಾಷೆ ತಿಳಿಯದೇ ಇರುತ್ತದೆಯೇ?

1919ರಲ್ಲಿ ಇದೇ ಊರಿನ ಮಿಷಿಗನ್ ಸರೋವರದಲ್ಲಿ ತೇಲುತ್ತ, ಕಪ್ಪು ಬಿಳಿಯರ ನಡುವಿನ ಕಣ್ಣಿಗೆ ಕಾಣದ ಗೆರೆ ದಾಟಿದ ಯೂಜಿನ್ ವಿಲಿಯಮ್ಸ್ ಎಂಬ ಕಪ್ಪು ಹುಡುಗ ಕಲ್ಲೇಟಿಗೆ ಸಿಕ್ಕಿ ಮುಳುಗಿದ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. 1966ರಲ್ಲಿ ಮನೆಯ ಹಕ್ಕಿಗಾಗಿ ಇಲ್ಲಿ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ತಲೆಗೆ ಕಲ್ಲು ಬಿತ್ತು. ಮಿಸಿಸಿಪ್ಪಿ, ಅಲಬಾಮಾಗಳಲ್ಲೂ ಇಂಥ ದ್ವೇಷ ಕಂಡಿಲ್ಲ ಎಂದರು ಅವರು. ಬಣ್ಣ ನೋಡಿ ಮನೆ ನಿರಾಕರಿಸುವುದನ್ನು 1968ರ ಕಾಯ್ದೆ ನಿಷೇಧಿಸಿತು. ಈಗ ಕಲ್ಲು ಬೇಕಿಲ್ಲ, ಕಡತದ ಮೇಲೆ ಕೂತರೆ ಸಾಕು.

ವಾರ್ಡಿನ ಸದಸ್ಯರು ಬೇಡವೆಂದರೆ ನಗರಸಭೆಯ ಮಿಕ್ಕ 49 ಸದಸ್ಯರೂ ತಲೆಯಾಡಿಸುವ ಪದ್ಧತಿ ಯಾವ ಕಾನೂನಿನಲ್ಲೂ ಬರೆದಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕೇ? ಈ ಪದ್ಧತಿ ಜನಾಂಗಭೇದಕ್ಕೆ ದಾರಿಯಾಗಿದೆ ಎಂದು 2023ರಲ್ಲಿ ಫೆಡರಲ್ ವಸತಿ ಇಲಾಖೆಯೇ ಹೇಳಿತು.

ಯಾವ ಜಾಗದಲ್ಲಿ ಏನು ಕಟ್ಟಬಹುದೆಂದು ನೋಡುವ ಜೋನಿಂಗ್ ಸಮಿತಿಯ ಮುಂದಿನ ಸಭೆಗೆ ಕಡತವನ್ನು ಕಳಿಸಿ, ಮತಕ್ಕೆ ಹಾಕಿಸಿ. ನಿಮಗೆ ಬೇಡವಿದ್ದರೆ ಸಭೆಯಲ್ಲಿ ಎದ್ದು ಬೇಡ ಎನ್ನಿ. ನಿಮ್ಮ ಹೆಸರಿನ ಮುಂದೆ ಅದು ದಾಖಲಾಗಲಿ. ಇನ್ನೊಂದು ಸಭೆ, ಇನ್ನೊಂದು ಪಾರ್ಕಿಂಗ್ ಅಧ್ಯಯನ ಬೇಡ. ಮತಕ್ಕೆ ಹಾಕಿಸಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ